ದಿನಾಂಕದ ನಮೂನೆ ಬಳಕೆದಾರರ ಕೈಗೆ: ಕ್ಯಾಪಿಟಲ್ ವೈ ಎಡವಿಸುವ ಜಾಗ

ಆ್ಯಪಿನಲ್ಲಿ ದಿನಾಂಕದ ನಮೂನೆಯನ್ನು, ಅಂದರೆ dd/MM/yyyy ಥರದ ಅಕ್ಷರಗಳ ಸಾಲನ್ನು, ಬಳಕೆದಾರರೇ ಬರೆದುಕೊಳ್ಳಲು ಬಿಟ್ಟರೂ ಅವರು ಆರಿಸುವುದು ತೋರಿಸುವ ರೂಪವನ್ನು ಮಾತ್ರ. ಡೇಟಾಬೇಸಿನಲ್ಲಿ ಸಮಯ ಯುಟಿಸಿಯಲ್ಲೇ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಇರಲಿ. ಫೈಲಿನ ಹೆಸರು, ಸಿಎಸ್‌ವಿ, ಲಾಗ್‌ಗಳಿಗೆ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8601ರ 2024-12-30 ರೂಪವೇ ಸರಿ. ದಿನ ಮೊದಲು ಬರೆದ 02/01/2024 ಮತ್ತು 01/12/2024ನ್ನು ಪಠ್ಯವಾಗಿ ಸಾರ್ಟ್ ಮಾಡಿದರೆ ಡಿಸೆಂಬರ್ ಮೊದಲು, ಜನವರಿ ಆಮೇಲೆ!

ಭಾಷೆ, ನಮೂನೆ, ಟೈಮ್‌ಝೋನ್ ಮೂರಕ್ಕೂ ಬೇರೆ ಬೇರೆ ಕಾಲಂ. ದುಬೈಯಲ್ಲಿರುವವರು ಕನ್ನಡದ ಮೆನು ಕೇಳಿದರೆ ಭಾರತದ ಗಡಿಯಾರವನ್ನೂ ಕೇಳಿದಂತಲ್ಲ. ‘ಸಿಸ್ಟಂನಲ್ಲಿರುವಂತೆ’ ಎಂಬ ಆಯ್ಕೆಗೆ ನಲ್ (ಖಾಲಿ ಬೆಲೆ) ಉಳಿಸಿ. ಆ ಹೊತ್ತಿನ ನಮೂನೆಯನ್ನೇ ನಕಲು ಮಾಡಿಟ್ಟರೆ, ಫೋನಿನ ಸೆಟ್ಟಿಂಗ್ ಬದಲಾದರೂ ಆ್ಯಪ್ ಹಳೆಯದನ್ನೇ ಹಿಡಿದು ಕೂರುತ್ತದೆ.

ಈಗ ಅಕ್ಷರಗಳು. ಯೂನಿಕೋಡ್ ಸಂಸ್ಥೆ ಗೊತ್ತುಮಾಡಿದ ನಮೂನೆಯಲ್ಲಿ ಕ್ಯಾಪಿಟಲ್ ಎಂ ತಿಂಗಳು, ಸ್ಮಾಲ್ ಎಂ ನಿಮಿಷ. ಇದು ಅದಲುಬದಲಾದರೆ ಬೇಗ ಕಣ್ಣಿಗೆ ಬೀಳುತ್ತದೆ. ವೈ ಹಾಗಲ್ಲ. ಸ್ಮಾಲ್ ವೈ ಎಂದರೆ ನಮ್ಮ ಕ್ಯಾಲೆಂಡರಿನ ವರ್ಷ. ಕ್ಯಾಪಿಟಲ್ ವೈ ಎಂದರೆ ಆ ದಿನದ ವಾರ ಯಾವ ವರ್ಷದ ಲೆಕ್ಕಕ್ಕೆ ಸೇರುತ್ತದೋ ಆ ವರ್ಷ. ವರ್ಷದ ಬಹುಪಾಲು ದಿನ ಎರಡೂ ಒಂದೇ ಅಂಕಿ ಕೊಡುತ್ತವೆ, ಟೆಸ್ಟೆಲ್ಲ ಪಾಸಾಗುತ್ತದೆ.

2024ರ ಕೊನೆಯನ್ನೇ ನೋಡಿ. 2025ರ ಜನವರಿ 1 ಬುಧವಾರ. ಐಎಸ್‌ಒ ಪ್ರಕಾರ ವಾರ ಸೋಮವಾರಕ್ಕೆ ಶುರು, ವರ್ಷದ ಮೊದಲ ಗುರುವಾರ ಇರುವುದೇ ಮೊದಲ ವಾರ. ಆ ಗುರುವಾರ ಜನವರಿ 2. ಹಾಗಾಗಿ ಅದೇ ವಾರದ ಸೋಮವಾರ, ಅಂದರೆ ಡಿಸೆಂಬರ್ 30, ಕ್ಯಾಪಿಟಲ್ ವೈಯಲ್ಲಿ 30/12/2025 ಆಗುತ್ತದೆ. ಪೂರಾ ಒಂದು ವರ್ಷ ಮುಂದೆ! ಭಾನುವಾರಕ್ಕೆ ವಾರ ಶುರುವಾಗಿ, ಜನವರಿ 1 ಇರುವ ವಾರವನ್ನೇ ಮೊದಲನೆಯದೆನ್ನುವ ಲೊಕೇಲ್‌ನಲ್ಲಿ (ಭಾಷೆ-ದೇಶದ ಸೆಟ್ಟಿಂಗ್) ತಪ್ಪು ಡಿಸೆಂಬರ್ 29ರಿಂದಲೇ. ಉಲ್ಟಾ ಹೊಡೆಯುವುದೂ ಉಂಟು: 2021ರ ಜನವರಿ 1 ಶುಕ್ರವಾರ, ಐಎಸ್‌ಒದಲ್ಲಿ ಅದು 2020ರ 53ನೇ ವಾರ. ವಾರದ ಸಂಖ್ಯೆ ಪಕ್ಕದಲ್ಲಿಲ್ಲದಿದ್ದರೆ ಕ್ಯಾಪಿಟಲ್ ವೈಗೆ ಕೆಲಸವೇ ಇಲ್ಲ. ಬಳಕೆದಾರರು ಟೈಪ್ ಮಾಡಿದರೆ ಎಚ್ಚರಿಕೆ ತೋರಿಸಿ.

ಗಂಟೆ ತೋರಿಸಲು ನಾಲ್ಕು ಅಕ್ಷರಗಳಿವೆ. ಮಧ್ಯರಾತ್ರಿ ಕಳೆದು 7 ನಿಮಿಷಕ್ಕೆ ಕ್ಯಾಪಿಟಲ್ ಎಚ್ 0, ಸ್ಮಾಲ್ ಎಚ್ 12, ಕ್ಯಾಪಿಟಲ್ ಕೆ 0, ಸ್ಮಾಲ್ ಕೆ 24. ಸ್ಮಾಲ್ ಎಚ್ ಬಳಸಿ ಎಎಂ-ಪಿಎಂ ತೋರಿಸುವ ಸ್ಮಾಲ್ ಎ ಮರೆತರೆ ರಾತ್ರಿ ಯಾವುದು, ಮಧ್ಯಾಹ್ನ ಯಾವುದು ಗೊತ್ತಾಗದು. ಕನ್ನಡ ಲೊಕೇಲ್‌ನಲ್ಲಿ ಸ್ಮಾಲ್ ಎ ರಾತ್ರಿ 10ಕ್ಕೂ ‘ಅಪರಾಹ್ನ’ ಎನ್ನುತ್ತದೆ, ಕಿವಿಗೆ ಒಗ್ಗದ ಮಾತು. ಲೈಬ್ರರಿ ಒಪ್ಪಿದರೆ ದಿನದ ಹೊತ್ತು ಹೇಳುವ ಕ್ಯಾಪಿಟಲ್ ಬಿ ಹಾಕಿ, ‘ರಾತ್ರಿ’ ಬರುತ್ತದೆ. ಅಂದ ಹಾಗೆ, ನಮೂನೆಯ ನಡುವೆ ‘ಗಂಟೆಗೆ’ ಎಂದು ಸೇರಿಸಲು ಉದ್ಧರಣ ಚಿಹ್ನೆ ಬೇಡ. ಇಂಗ್ಲಿಷ್ ಅಕ್ಷರಗಳಿಗೆ ಮಾತ್ರ ಬೇಕು.

ನಮೂನೆ ಹೇಗೆ ಕಾಣುತ್ತದೆಂದು ತೋರಿಸುವ ಮುನ್ನೋಟದಲ್ಲಿ ಇವತ್ತಿನ ದಿನಾಂಕ ಬೇಡ. 2024ರ ಡಿಸೆಂಬರ್ 30, 13:05 ಒಂದು. 2025ರ ಫೆಬ್ರವರಿ 5, 00:07 ಇನ್ನೊಂದು. ಮೊದಲನೆಯದರಲ್ಲಿ ದಿನ-ತಿಂಗಳ ಕ್ರಮ ಮತ್ತು ವೈ, ಎರಡನೆಯದರಲ್ಲಿ ಅಂಕಿಯ ಮೊದಲು ಬರುವ ಸೊನ್ನೆ ಮತ್ತು ಗಂಟೆಯ ಅಕ್ಷರ ಬಯಲಾಗುತ್ತವೆ.

ಹುಟ್ಟಿದ ದಿನಕ್ಕೆ ಟೈಮ್‌ಝೋನ್ ತಾಗಿಸಬೇಡಿ. ಆಗಸ್ಟ್ 15ನ್ನು ಯುಟಿಸಿ ಮಧ್ಯರಾತ್ರಿಯಾಗಿ ಉಳಿಸಿದರೆ ನ್ಯೂಯಾರ್ಕಿನಲ್ಲಿ 14 ಕಾಣುತ್ತದೆ. ಬೆಂಗಳೂರಿನಲ್ಲಿ ಅದು ಅದೇ ದಿನದ ಬೆಳಗ್ಗೆ 5:30 ಆಗುವುದರಿಂದ ಇಲ್ಲಿ ಕೂತು ಎಷ್ಟು ಟೆಸ್ಟ್ ಮಾಡಿದರೂ ಈ ಬಗ್ ಸಿಗುವುದಿಲ್ಲ. ಲ್ಯಾಪ್‌ಟಾಪಿನ ಟೈಮ್‌ಝೋನ್ ಬದಲಿಸಿಯೇ ನೋಡಬೇಕು.