ಲಡಾಖ್ ಕೆರೆಯ ಹೂಳಿಗೆ ವಯಸ್ಸು ಹೇಳೋದು ಹೇಗೆ?

4,200 ವರ್ಷದ ಹಿಂದೆ ಭೀಕರ ಬರ ಬಂತು, ಸಿಂಧೂ ಕಣಿವೆಯ ಊರುಗಳು ಖಾಲಿಯಾದವು ಅನ್ನೋ ತರದ ಸುದ್ದಿ ಆಗಾಗ ಪೇಪರಲ್ಲಿ ಬರತ್ತೆ, ಜೊತೆಗೆ ಹಿಮಾಲಯದ ಯಾವುದಾದ್ರೂ ಕೆರೆ ಹೆಸರು ಇರತ್ತೆ, ಪರಿಚಯದವರು ನನಗೆ ಫಾರ್ವರ್ಡ್ ಮಾಡಿ ನಿಜಾನಾ ಸಾರ್ ಅಂತಾರೆ. ಕೆರೆ ಹೂಳು ತೆಗೆದು ಹಳೇ ಹವಾಮಾನ ಓದೋದೇ ನನ್ನ ಕೆಲಸ ಆದ್ರಿಂದ ಬರ ಬಂದಿತ್ತೋ ಇಲ್ವೋ ಅನ್ನೋದಕ್ಕಿಂತ ಮುಂಚೆ ನಾನು ನೋಡೋದು ಆ 4,200 ಅನ್ನೋ ನಂಬರ್ ಎಲ್ಲಿಂದ ಬಂತು ಅಂತ.

ಲಡಾಖಿನ ತ್ಸೋ ಮೊರಿರಿ ಕೆರೆ ತಗೊಳ್ಳಿ. ಸುಮಾರು 4,500 ಮೀಟರ್ ಎತ್ತರ, ನೀರಿನ ಆಳ ನೂರು ಮೀಟರ್ ದಾಟತ್ತೆ, ಒಳಗೆ ಬಂದ ನೀರಿಗೆ ಹೊರಗೆ ಹರಿಯೋ ದಾರಿ ಇಲ್ಲ, ಆವಿಯಾಗೇ ಹೋಗಬೇಕು. ಮಳೆ, ಹಿಮ ಕಮ್ಮಿಯಾದ್ರೆ ಮಟ್ಟ ಇಳಿಯತ್ತೆ, ಹಗುರ ಆಕ್ಸಿಜನ್ ಇರೋ ನೀರು ಮೊದಲು ಆವಿಯಾಗಿ ಹೋಗೋದ್ರಿಂದ ತಳಕ್ಕೆ ಕೂರೋ ಸುಣ್ಣದ ಕಣಗಳಲ್ಲಿ ಭಾರದ ಆಕ್ಸಿಜನ್, ಅಂದ್ರೆ ಆಕ್ಸಿಜನ್-18ರ ಪಾಲು ಏರತ್ತೆ. ಅದರ ಜೊತೆ ಸುತ್ತಲಿನ ಗಿಡಗಳ ಪರಾಗ, ಡಯಾಟಮ್ ಅನ್ನೋ ಸೂಕ್ಷ್ಮ ಪಾಚಿ, ಆಸ್ಟ್ರಕಾಡ್ ಅನ್ನೋ ನೀರಿನ ಪುಟ್ಟ ಜೀವಿಯ ಎಳ್ಳುಕಾಳಿಗಿಂತ ಚಿಕ್ಕದಾದ ಚಿಪ್ಪು ಎಲ್ಲ ಪದರ ಪದರವಾಗಿ ಕೂತಿರತ್ತೆ. 2014ರಲ್ಲಿ ಬಂದ ಒಂದು ಪರಾಗದ ಅಧ್ಯಯನ ಈ ಕೆರೆಯ ಏಳು ಮೀಟರ್ ಚಿಲ್ಲರೆ ಹೂಳಿನಿಂದ ಸುಮಾರು 12,000 ವರ್ಷದ ಲೆಕ್ಕ ತೆಗೀತು, ಅಂದ್ರೆ ಸರಾಸರಿ ಒಂದು ಸೆಂಟಿಮೀಟರಿಗೆ ಹದಿನಾರು ಹದಿನೇಳು ವರ್ಷ.

ಡ್ರಿಲ್ಲಿಂಗ್ ಅಂದ ಕೂಡಲೇ ಜನ ಬೋರ್‌ವೆಲ್ ಲಾರಿ ನೆನಪು ಮಾಡ್ಕೋತಾರೆ, ಹತ್ತು ಮೀಟರ್ ಹೂಳಿಗೆ ಅಷ್ಟೆಲ್ಲ ಬೇಡ. ಮಧ್ಯೆ ಕಿಂಡಿ ಇರೋ ತೇಲೋ ಪ್ಲಾಟ್‌ಫಾರ್ಮ್, ನಾಲ್ಕು ಮೂಲೆಗೆ ಲಂಗರು, ಮೇಲೆ ಒಂದು ಟ್ರೈಪಾಡು ಮತ್ತು ವಿಂಚು. ಒಳಗೆ ಪ್ಲಾಸ್ಟಿಕ್ ಲೈನರ್ ಹಾಕಿದ ಸ್ಟೀಲ್ ಪೈಪನ್ನ ತಳಕ್ಕೆ ಇಳಿಸಿ, ಪಿಸ್ಟನ್ ಇದ್ದಲ್ಲೇ ಹಿಡಿದಿಟ್ಟು ಪೈಪನ್ನ ಮಾತ್ರ ಬಡಿದು ಕೆಳಗೆ ಇಳಿಸ್ತೀವಿ, ಪಿಸ್ಟನ್ನಿನ ಸಕ್ಷನ್‌ಗೆ ಹೂಳು ಜಾರದೆ ಒಳಗೇ ನಿಲ್ಲತ್ತೆ. ಒಂದು ಸಲಕ್ಕೆ ಎರಡೋ ಮೂರೋ ಮೀಟರ್. ಎರಡು ಪೈಪು ಸೇರೋ ಕಡೆ ಒಂದಿಷ್ಟು ಹೂಳು ಕಲಸಿ ಹೋಗೋದು ಖಾಯಂ, ಅದಕ್ಕೇ ಪಕ್ಕದಲ್ಲಿ ಇನ್ನೊಂದು ತೂತು, ಅರ್ಧ ಪೈಪಿನಷ್ಟು ಆಳ ಬದಲಿಸಿ, ಆಮೇಲೆ ಲ್ಯಾಬಲ್ಲಿ ಪದರ ನೋಡಿ ಹೊಂದಿಸೋದು. ಎತ್ತರದ್ದೇ ಕಾಟ ಬೇರೆ ಇದೆ. ಗಾಳಿಯ ಒತ್ತಡ ಸಮುದ್ರ ಮಟ್ಟದ ಶೇ. 60ಕ್ಕಿಂತ ಕಮ್ಮಿ, ಜನರೇಟರ್ ಏದುಸಿರು ಬಿಡತ್ತೆ, ನಾವೂ ಅಷ್ಟೇ. ನೂರು ಮೀಟರ್ ನೀರಿನ ಭಾರದ ಕೆಳಗಿದ್ದ ಹೂಳಲ್ಲಿ ಗ್ಯಾಸ್ ಇದ್ರೆ ಮೇಲೆ ಬಂದ ಕೂಡಲೇ ಉಬ್ಬತ್ತೆ, ಲೈನರ್ ಮುಚ್ಚಳ ತಳ್ಳಿಕೊಂಡು ಹೂಳು ಹೊರಗೆ ಬರತ್ತೆ, ಮೀಟರ್ ಲೆಕ್ಕ ಅಲ್ಲೇ ಕೈಕೊಡತ್ತೆ.

ಇಷ್ಟೆಲ್ಲ ಆದ್ರೂ ಅದು ಸುಲಭದ ಭಾಗ. ಕಷ್ಟ ಇರೋದು ವಯಸ್ಸಲ್ಲಿ. ರೇಡಿಯೋಕಾರ್ಬನ್, ಅಂದ್ರೆ ಸತ್ತ ಗಿಡದಲ್ಲಿ ಕಾಲ ಕಳೆದಂತೆ ಕಮ್ಮಿಯಾಗೋ ಕಾರ್ಬನ್-14 ಅಳೆದು ವಯಸ್ಸು ಹೇಳೋ ವಿಧಾನ, ನಡೆಯೋದು ಗಿಡ ಬೆಳೆಯೋವಾಗ ಗಾಳಿಯಿಂದ ಕಾರ್ಬನ್ ತಗೊಂಡಿತ್ತು ಅನ್ನೋ ಲೆಕ್ಕದ ಮೇಲೆ. ಕೆರೆಯೊಳಗಿನ ಗಿಡ ಪಾಚಿ ಹಾಗಲ್ಲ, ನೀರಲ್ಲಿ ಕರಗಿರೋ ಕಾರ್ಬನ್ ತಗೊಳ್ಳತ್ತೆ. ಆ ನೀರು ಸುಣ್ಣದ ಕಲ್ಲಿನ ಮೇಲೆ ಹರಿದು ಬಂದಿದ್ರೆ ಅದರಲ್ಲಿ ಕೋಟ್ಯಂತರ ವರ್ಷ ಹಳೇದಾದ, ಕಾರ್ಬನ್-14 ಒಂಚೂರೂ ಉಳಿದಿರದ ಕಾರ್ಬನ್ ಬೆರೆತಿರತ್ತೆ, ಹೀಗಾಗಿ ಇವತ್ತು ಬೆಳಿಗ್ಗೆ ಕಿತ್ತ ಹಸಿ ಗಿಡ ಕಳಿಸಿದ್ರೂ ಲ್ಯಾಬಿಂದ ಸಾವಿರಾರು ವರ್ಷ ಅಂತ ರಿಪೋರ್ಟ್ ಬರಬಹುದು. ಟಿಬೆಟ್, ಲಡಾಖ್ ಕಡೆ ಈ ವ್ಯತ್ಯಾಸ ಒಂದೊಂದು ಕೆರೇಲಿ ಒಂದೊಂದು ತರ. ತಗ್ಗಿನ ಕೆರೆಗಳಲ್ಲಾದ್ರೆ ದಡದಿಂದ ಬಿದ್ದ ಎಲೆ, ಕಡ್ಡಿ ಹುಡುಕಿ ಅದಕ್ಕೆ ಡೇಟ್ ಮಾಡ್ಸಬಹುದು, 4,500 ಮೀಟರಲ್ಲಿ ಮರ ಎಲ್ಲಿಂದ ತರೋದು!

ಹಾಗಾಗಿ ಮೇಲಿನ ಪದರಕ್ಕೆ ವಿಕಿರಣಶೀಲ ಸೀಸ-210, ಅದರ ಅರ್ಧಾಯುಷ್ಯ 22 ವರ್ಷದಷ್ಟು, ಜೊತೆಗೆ ಅಣುಬಾಂಬ್ ಪರೀಕ್ಷೆಗಳಿಂದ 1963ರ ಸುಮಾರಿಗೆ ಏರಿದ ಸೀಸಿಯಂ-137, ಇವೆರಡರಿಂದ ಸುಮಾರು ನೂರು ವರ್ಷ ಗಟ್ಟಿ ಮಾಡ್ಕೋತೀವಿ. ಅದೇ ಪದರದ ರೇಡಿಯೋಕಾರ್ಬನ್ ಎಷ್ಟು ಹಳೇದು ತೋರಿಸತ್ತೋ ಅಷ್ಟನ್ನ ಕೆಳಗಿನ ಎಲ್ಲ ಡೇಟಿಂದ ಕಳೆಯೋದು ರೂಢಿ. ನನಗೆ ಸಮಾಧಾನ ಇಲ್ಲದಿರೋದು ಇಲ್ಲೇ. ಹತ್ತು ಸಾವಿರ ವರ್ಷ ಕೆರೆ ಒಂದೇ ತರ ಇತ್ತು ಅಂತ ಯಾರು ಹೇಳಿದ್ದು? ಹಿಮನದಿ ಕರಗಿದಾಗ, ಕೆರೆ ತುಂಬಿ ಕೋಡಿ ಹರಿದಾಗ, ಮಟ್ಟ ಕುಸಿದಾಗ ಹಳೇ ಕಾರ್ಬನ್ ಪಾಲೂ ಬದಲಾಗತ್ತೆ, ಅಂದ್ರೆ ನಾವು ಅಳೆಯೋಕೆ ಹೊರಟ ಹವಾಮಾನವೇ ನಮ್ಮ ಗಡಿಯಾರವನ್ನ ಹಿಂದೆ ಮುಂದೆ ಮಾಡತ್ತೆ.

50,000 ವರ್ಷ ದಾಟಿದ್ರೆ ರೇಡಿಯೋಕಾರ್ಬನ್ನೂ ಇಲ್ಲ. 2001ರಲ್ಲಿ ದಕ್ಷಿಣ ಅಮೆರಿಕದ 3,810 ಮೀಟರ್ ಎತ್ತರದ ಟಿಟಿಕಾಕಾ ಕೆರೆಯಲ್ಲಿ ನಿಜವಾದ ರಿಗ್ ಇಟ್ಟು 136 ಮೀಟರ್ ಹೂಳಿನ ಕೋರ್ ತೆಗೆದ್ರು, ಸುಮಾರು 3,70,000 ವರ್ಷದ್ದು. ಕೆರೆ ಕುಗ್ಗಿ ಉಪ್ಪಾಗಿದ್ದ ಕಾಲದಲ್ಲಿ ಕೂತ ಅರಗೊನೈಟ್ ಅನ್ನೋ ಸುಣ್ಣದ ಖನಿಜದ ಪದರಗಳು ಸಿಕ್ಕಿದ್ದರಿಂದ ಅಲ್ಲಿ ಯುರೇನಿಯಂ ನಿಧಾನಕ್ಕೆ ಥೋರಿಯಂ ಆಗೋದನ್ನ ಅಳೆಯೋ ಯುರೇನಿಯಂ-ಥೋರಿಯಂ ಡೇಟಿಂಗ್ ಸಾಧ್ಯವಾಯ್ತು.

ಈಗ ಆ 4,200ಕ್ಕೆ ಬರೋಣ. 4,200 ವರ್ಷದ ಹಿಂದಿನ ಆ ಬರದಿಂದ ಶುರುವಾಗೋ ಮೇಘಾಲಯನ್ ಅನ್ನೋ ಭೂಕಾಲಮಾನ 2018ರಲ್ಲಿ ಒಪ್ಪಿಗೆಯಾಗಿದ್ದು ಕೆರೆ ಹೂಳಿಂದಲ್ಲ, ಮೇಘಾಲಯದ ಮಾವ್ಮ್ಲು ಗುಹೆಯ ಸುಣ್ಣದ ಕಂಬದಿಂದ, ಅದಕ್ಕೂ ಯುರೇನಿಯಂ-ಥೋರಿಯಂ. ಕೆರೆಯಲ್ಲೂ ಒಂದು ಬರದ ಪದರ ಕಂಡ ಮಾತ್ರಕ್ಕೆ ಅದು ಅದೇ ಬರ ಅಂತ ಜೋಡಿಸೋದು ಬೇಡ, ಡೇಟಲ್ಲಿ ಐನೂರು ವರ್ಷ ಆಚೀಚೆ ಆದ್ರೆ ಹರಪ್ಪದ ಜೊತೆಗಿನ ನಂಟು ಕಳಚಿ ಬೀಳತ್ತೆ.

ನಮ್ಮ ಪಕ್ಕದ ನೀಲಗಿರಿಯಲ್ಲಿ ಈ ತಲೆನೋವಿಲ್ಲ. ಅಲ್ಲಿ ಸಿಗೋದು ಪೀಟ್, ಜೌಗಲ್ಲಿ ಕೊಳೆತ ಹುಲ್ಲು ಗಿಡಗಳ ರಾಶಿ, ಗಾಳಿಯ ಕಾರ್ಬನ್ನನ್ನೇ ನೇರ ತಗೊಂಡಿದ್ದು. ಬೆಂಗಳೂರಿನ ಐಐಎಸ್‌ಸಿಯ ರಾಮನ್ ಸುಕುಮಾರ್ ಮತ್ತು ಜೊತೆಗಾರರು 1993ರಲ್ಲಿ ನೇಚರ್ ಪತ್ರಿಕೇಲಿ ಬರೆದ ಪೇಪರ್ ಇದರ ಮೇಲೇ ನಿಂತಿದ್ದು. ಒಣ ಹವೆಯಲ್ಲಿ ರಾಗಿ, ಜೋಳದ ತರ ಸಿ4 ಹುಲ್ಲು ಹಬ್ಬತ್ತೆ, ತೇವ ಇದ್ರೆ ಭತ್ತದ ತರದ ಸಿ3 ಗಿಡ, ಎರಡರ ಕಾರ್ಬನ್-13 ಪ್ರಮಾಣ ಬೇರೆ. ಸುಮಾರು 20,000 ವರ್ಷದ ಹಿಂದೆ ಒಣ, 11,000ದ ಹೊತ್ತಿಗೆ ಭಾರೀ ಮಳೆ ಅಂತ ಅದು ತೋರಿಸ್ತು.

ಲಡಾಖಿಗೆ ಹೊರಟಿರೋ ಹುಡುಗ ಹುಡುಗಿಯರಿಗೆ ನಾನು ಹೇಳೋದು ಇಷ್ಟೇ, ಬಜೆಟ್ ಹಾಕುವಾಗ ಐಸೋಟೋಪ್ ಸ್ಯಾಂಪಲ್ ಅರ್ಧ ಮಾಡಿದ್ರೂ ಪರವಾಗಿಲ್ಲ, ಡೇಟ್‌ಗಳ ಸಂಖ್ಯೆ ಕಡಿಮೆ ಮಾಡಬೇಡಿ, ಮತ್ತೆ ಬರುವಾಗ ಕೆರೆಯ ಹಸಿ ಗಿಡ ಒಂದು ಕವರಲ್ಲಿ ತನ್ನಿ.