ಇನ್ನೂರು ಮೀಟರಿಗಾಗಿ ಇನ್ನೂರು ಕಿಲೋಮೀಟರ್

ಇಟಲಿಯ ಮೂರು ವಾರಗಳ ಸೈಕಲ್ ಓಟ ಜಿರೊ ಡಿ ಇಟಾಲಿಯಾದ 2020ರ ನಾಲ್ಕನೇ ದಿನ, ಸಿಸಿಲಿಯ ವಿಲ್ಲಾಫ್ರಾಂಕಾ ತಿರ್ರೇನಾದಲ್ಲಿ ಗೆದ್ದವರು ಯಾರೆಂದು ಯಾರ ಕಣ್ಣಿಗೂ ತಿಳಿಯಲಿಲ್ಲ. ಗೆರೆಯ ಮೇಲಿನ ಕ್ಯಾಮೆರಾ ಚಿತ್ರ ನೋಡಿದ ಮೇಲೆಯೇ ಫ್ರಾನ್ಸಿನ ಅರ್ನೊ ದೆಮಾರ್ ಗೆದ್ದದ್ದು ಖಚಿತವಾಯಿತು. ಇಲ್ಲಿ ತಲೆ, ಎದೆ ಯಾವುದೂ ಲೆಕ್ಕಕ್ಕಿಲ್ಲ. ಮುಂದಿನ ಟೈರಿನ ಅಂಚು ಗೆರೆ ಮುಟ್ಟಬೇಕು. ಅದಕ್ಕೇ ಸ್ಪ್ರಿಂಟರುಗಳು, ಅಂದರೆ ಕೊನೆಯ ಓಟದ ವೇಗಿಗಳು, ಕೊನೆಯ ಕ್ಷಣದಲ್ಲಿ ತೋಳು ಚಾಚಿ, ಸೊಂಟ ಹಿಂದಕ್ಕೆಳೆದು ಸೈಕಲ್ಲನ್ನು ಮುಂದಕ್ಕೆ ತಳ್ಳುತ್ತಾರೆ. ಒಂದು ಕ್ಷಣ ಬೇಗ ತಳ್ಳಿದರೂ ಪೆಡಲ್ ತುಳಿತ ತಪ್ಪಿ ವೇಗ ಬೀಳುತ್ತದೆ.

ಓಟದ ಅಸಲಿ ಶತ್ರು ಗಾಳಿ. ಅದನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಬಾಗಿ ಕುಳಿತವನಿಗೂ ಗಂಟೆಗೆ 65 ಕಿ.ಮೀ. ವೇಗದಲ್ಲಿ ಗಾಳಿಗೇ ಸುಮಾರು 1000 ವ್ಯಾಟ್ ಹೋಗುತ್ತದೆ; 70ಕ್ಕೆ ಏರಿಸಬೇಕೆಂದರೆ ಸುಮಾರು 1250. ಸ್ನಾಯುಗಳಲ್ಲಿ ಇಂಥ ಸ್ಫೋಟಕ್ಕೆ ಒದಗುವ ಫಾಸ್ಫೋಕ್ರಿಯೇಟಿನ್ ಹತ್ತು ಸೆಕೆಂಡಿನ ಆಸುಪಾಸಿನಲ್ಲೇ ಬರಿದಾಗುತ್ತದೆ. 65ರ ವೇಗದಲ್ಲಿ 200 ಮೀಟರಿಗೆ ಹಿಡಿಯುವುದು 11 ಸೆಕೆಂಡು. ಸ್ಪ್ರಿಂಟ್ ಸಾಮಾನ್ಯವಾಗಿ ಗೆರೆಗೆ ಅಷ್ಟು ದೂರ ಉಳಿದಾಗಲೇ ಶುರುವಾಗುವುದು ಸುಮ್ಮನೆ ಅಲ್ಲ. ಎದುರುಗಾಳಿಯಿದ್ದರೆ ಇನ್ನೂ ತಡೆದು ಹೊರಡಬೇಕು.

ಅಲ್ಲಿಯವರೆಗೆ ಗಾಳಿಯನ್ನು ಬೇರೆಯವರು ಎದುರಿಸಬೇಕು. ತಂಡದವರು ಸಾಲಾಗಿ ಮುಂದೆ ತುಳಿದು ಸ್ಪ್ರಿಂಟರನ್ನು ಮರೆಯಲ್ಲಿ ಕರೆದೊಯ್ಯುತ್ತಾರೆ. ದೆಮಾರ್ ಅವರ ಮುಂದೆ ಆ ಸಾಲಿನ ಕೊನೆಯ ಕೊಂಡಿಯಾಗಿ ಬಹುಕಾಲ ಇದ್ದವರು ಇಟಲಿಯ ಯಾಕೊಪೊ ಗುವಾರ್ನಿಯೇರಿ. ಆ ಕೊಂಡಿ ಬೇಗ ದಣಿದರೆ ಸ್ಪ್ರಿಂಟರ್ ಗೆರೆಗೆ 300 ಮೀಟರ್ ಇರುವಾಗಲೇ ಗಾಳಿಯ ಬಯಲಿಗೆ ಬೀಳುತ್ತಾನೆ. ತೀರಾ ತಡವಾದರೆ ಬೇಲಿಯ ಪಕ್ಕ ಸಿಕ್ಕಿಕೊಂಡು, ಕಾಲಲ್ಲಿ ಕಸುವಿದ್ದೂ ದಾರಿ ಸಿಗದೆ ಸೋಲುತ್ತಾನೆ. ಗೇರಿನ ಲೆಕ್ಕವೂ ಇದೆ: ಚೈನು ಸುತ್ತುವ ಹಲ್ಲುಚಕ್ರಗಳಲ್ಲಿ ಮುಂದೆ 54, ಹಿಂದೆ 11 ಹಲ್ಲುಗಳಿದ್ದರೆ ಒಂದು ತುಳಿತದ ಸುತ್ತಿಗೆ ಸುಮಾರು 10.3 ಮೀಟರ್. ನಿಮಿಷಕ್ಕೆ 110 ಸುತ್ತು ತುಳಿದರೆ 68 ಕಿ.ಮೀ. ವೇಗ.

ಫ್ರಾನ್ಸಿನ ಬೋವೆಯಲ್ಲಿ 1991ರಲ್ಲಿ ಹುಟ್ಟಿದ ದೆಮಾರ್, 2011ರಲ್ಲಿ 23ರೊಳಗಿನವರ ವಿಶ್ವ ಚಾಂಪಿಯನ್. ಇಟಲಿಯ ಒಂದು ದಿನದ ಓಟ ಮಿಲಾನ್–ಸಾನ್ ರೆಮೊದಲ್ಲಿ 2016ರಲ್ಲಿ ಬಿದ್ದೆದ್ದು ಗುಂಪು ಸೇರಿ ಗೆದ್ದರು. 1995ರ ಜಲಾಬೆರ್ ನಂತರ ಅಲ್ಲಿ ಗೆದ್ದ ಮೊದಲ ಫ್ರೆಂಚ್ ಸವಾರ ಇವರೇ. ಜಿರೊದಲ್ಲಿ ಎಂಟು ಹಂತಗಳ (ಒಂದೊಂದು ದಿನದ ಓಟಗಳ) ಗೆಲುವು, 2020 ಮತ್ತು 2022ರಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಸಿಗುವ ಜೆರ್ಸಿ. ನನ್ನ ಕಣ್ಣಿಗೆ ಆ 2020ರ ಋತುವೇ ಇವರ ಶಿಖರ.

ಆದರೆ ಸ್ಪ್ರಿಂಟರ್ ಹೆಚ್ಚು ಹೆದರುವುದು ಘಟ್ಟಕ್ಕೆ. ದೆಮಾರ್ ತೂಕ ಸುಮಾರು 76 ಕೆ.ಜಿ. ಶೇ 8ರ ಏರನ್ನು ಗಂಟೆಗೆ 15 ಕಿ.ಮೀ.ನಲ್ಲಿ ಹತ್ತಲು, ಸೈಕಲ್ ಸೇರಿಸಿ, ತೂಕ ಎತ್ತುವುದಕ್ಕೇ ಸುಮಾರು 275 ವ್ಯಾಟ್ ಬೇಕು, 60 ಕೆ.ಜಿ.ಯ ಏರುಗಾರನಿಗೆ 220 ಸಾಕು. ಹಿಂದುಳಿಯುವುದು ಅನಿವಾರ್ಯ, ಆದರೆ ಎಷ್ಟು ಎಂಬುದಕ್ಕೆ ಮಿತಿಯಿದೆ: ಗೆದ್ದವನ ಸಮಯಕ್ಕೆ ನಿಗದಿತ ಶೇಕಡಾ ಸೇರಿಸಿದ ಅವಧಿ ಮೀರಿದರೆ ಮನೆಗೆ. ಹೀಗಾಗಿ ಭಾರದವರೆಲ್ಲ ಒಟ್ಟುಗೂಡಿ, ಗಡಿಯಾರ ನೋಡುತ್ತ, ಇಳಿಜಾರಿನಲ್ಲಿ ಜೀವ ಪಣಕ್ಕಿಟ್ಟು ಸಮಯ ಹೊಂದಿಸಿಕೊಳ್ಳುತ್ತಾರೆ.

2017ರ ಟೂರ್ ಡಿ ಫ್ರಾನ್ಸ್‌ನಲ್ಲಿ ನಾಲ್ಕನೇ ಹಂತ ಗೆದ್ದ ದೆಮಾರ್, ಒಂಬತ್ತನೇ ದಿನ ಶಾಂಬೆರಿಯ ಹಾದಿಯ ಘಟ್ಟಗಳಲ್ಲಿ ಮಿತಿ ಮೀರಿ ಹೊರಬಿದ್ದರು. ಜೊತೆಗಿದ್ದು ಎಳೆದ ತಂಡದವರೂ ಹೊರಬಿದ್ದರು. ಮರುವರ್ಷದ ಟೂರ್‌ನಲ್ಲಿ, ಆಲ್ಪ್ಸ್‌ನಲ್ಲಿ, ಸ್ಪ್ರಿಂಟರುಗಳಾದ ಕ್ಯಾವೆಂಡಿಶ್, ಕಿಟೆಲ್ ಇದೇ ಮಿತಿಗೆ ಬಲಿಯಾದರು, ದೆಮಾರ್ ಉಳಿದರು. ಪಿರೆನೀಸ್‌ನ ಕೊಲ್ ದು ಪೋರ್ತೆ ಏರಿದ ಮರುದಿನ ಪೋ ಪಟ್ಟಣದಲ್ಲಿ ಗುಂಪಿನ ಸ್ಪ್ರಿಂಟ್ ನಡೆದಾಗ ಪೈಪೋಟಿಗೆ ಉಳಿದಿದ್ದ ಸ್ಪ್ರಿಂಟರುಗಳೇ ಕಡಿಮೆ. ಗೆದ್ದವರು ದೆಮಾರ್.