ಟೈರ್ ಜಾರದಿದ್ದರೆ ಮುರಿಯುವುದು ಯಾವುದು?

ಗೇರ್‌ಬಾಕ್ಸ್ ಬಿಚ್ಚುವ ಮೊದಲು ಪಳಗಿದ ಮೆಕ್ಯಾನಿಕ್ ನೋಡುವುದು ಎಣ್ಣೆ ಇಳಿಸುವ ಬಿರಡೆಯನ್ನು. ಅದರ ತುದಿಯಲ್ಲಿ ಸಾಮಾನ್ಯವಾಗಿ ಪುಟ್ಟದೊಂದು ಅಯಸ್ಕಾಂತ ಇರುತ್ತದೆ. ಅದಕ್ಕೆ ಬೂದು ಬಣ್ಣದ ನುಣ್ಣನೆಯ ಕೆಸರು ಮೆತ್ತಿಕೊಂಡಿದ್ದರೆ ಚಿಂತೆಯಿಲ್ಲ, ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿತೋ, ಒಳಗೆ ಯಾವುದೋ ಗೇರಿನ ಹಲ್ಲು ಉದುರಿದೆ ಎಂದೇ ತಿಳಿಯಬೇಕು. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸುವ ಕಾರಿನಲ್ಲಿ ಎಂಜಿನ್ನಿನ ಹಾರ್ಸ್‌ಪವರ್ ಏರಿಸಿದವರಿಗೆ ಈ ಚೂರಿನ ಪರಿಚಯ ಇದ್ದೇ ಇರುತ್ತದೆ.

ದೋಷ ಯಾರದು? ಸಣ್ಣದೊಂದು ಲೆಕ್ಕ ಹಾಕೋಣ. ಎಂಜಿನ್ 400 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ ಎನ್ನಿ. ಮೊದಲ ಗೇರಿನ ಅನುಪಾತ 3.4, ಡಿಫರೆನ್ಷಿಯಲ್ಲಿನದು (ಚಕ್ರಗಳಿಗೆ ಶಕ್ತಿ ಹಂಚಿ, ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) 4.1. ಗುಣಿಸಿದರೆ ಚಕ್ರಗಳಿಗೆ ಸುಮಾರು 5600 ನ್ಯೂಟನ್ ಮೀಟರ್. ಆದರೆ 1500 ಕಿಲೋ ತೂಗುವ ಕಾರಿನ ನಾಲ್ಕೂ ಟೈರುಗಳು ಒಣ ಡಾಂಬರಿನ ಮೇಲೆ ಹಿಡಿದುಕೊಳ್ಳಬಲ್ಲದ್ದು ಅಂದಾಜು 4700 ಮಾತ್ರ. ಹಿಂದಿನ ಎರಡು ಚಕ್ರಗಳಷ್ಟೇ ದುಡಿಯುವ ಕಾರಾದರೆ 2800ರ ಆಸುಪಾಸಿನಲ್ಲೇ ಟೈರ್ ಜಾರಿ ಹೊಗೆ ಏಳುತ್ತದೆ, ಗೇರ್‌ಬಾಕ್ಸ್ ಬಚಾವ್. ಅಲ್ಲಿ ಟೈರೇ ಫ್ಯೂಸ್. ನಾಲ್ಕೂ ಚಕ್ರ ದುಡಿಯುವ ಕಾರಿನಲ್ಲಿ ಆ ಫ್ಯೂಸ್ ತೀರಾ ತಡವಾಗಿ ಹಾರುತ್ತದೆ. ಅಂಟು ಹೆಚ್ಚಿರುವ ರೇಸಿಂಗ್ ಟೈರ್ ಹಾಕಿದರೆ ಹಾರುವುದೇ ಇಲ್ಲ. ಆಗ ಕಬ್ಬಿಣವೇ ಸೋಲಬೇಕು.

ಈ ಬಗೆಯ ಕಾರಿಗೆ ಮೊದಲು ಹೆಸರು ತಂದವರು ಟ್ರ್ಯಾಕ್ಟರಿನಿಂದ ಪ್ರಸಿದ್ಧರಾದ ಹ್ಯಾರಿ ಫರ್ಗ್ಯುಸನ್. ಅವರ ಸಂಸ್ಥೆಯ ಪಿ99 ರೇಸ್ ಕಾರಿನಲ್ಲಿ ಸ್ಟರ್ಲಿಂಗ್ ಮಾಸ್ 1961ರಲ್ಲಿ ಇಂಗ್ಲೆಂಡಿನ ಔಲ್ಟನ್ ಪಾರ್ಕಿನ ಗೋಲ್ಡ್ ಕಪ್ ಗೆದ್ದರು. 1966ರಲ್ಲಿ ಅದೇ ವಿದ್ಯೆ ಜೆನ್ಸನ್ ಎಫ್ಎಫ್ ಎಂಬ ರಸ್ತೆ ಕಾರಿಗೆ ಬಂತು. ಆದರೆ ತಯಾರಾದದ್ದು 320 ಮಾತ್ರ.

ಆಟ ಬದಲಾದದ್ದು 1980ರಲ್ಲಿ, ಜಿನೀವಾ ಪ್ರದರ್ಶನದಲ್ಲಿ ಔಡಿ ಕ್ವಾಟ್ರೊ ಮುಸುಕು ತೆಗೆದಾಗ. ಅದರ ಜಾಣತನವೆಲ್ಲ ಗೇರ್‌ಬಾಕ್ಸಿನೊಳಗಿನ ಒಂದು ಟೊಳ್ಳು ಶಾಫ್ಟಿನಲ್ಲಿತ್ತು. ಶಕ್ತಿ ಆ ಶಾಫ್ಟಿನ ಮೂಲಕ ಹಿಂದಕ್ಕೆ ಹರಿದು ನಡುವಿನ ಡಿಫರೆನ್ಷಿಯಲ್ ತಲುಪುತ್ತಿತ್ತು. ಮುಂಚಕ್ರಗಳ ಪಾಲು ಅದೇ ಟೊಳ್ಳಿನ ಒಳಗಿಂದ ವಾಪಸ್ ಬರುತ್ತಿತ್ತು. ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪ್ರತ್ಯೇಕ ಟ್ರಾನ್ಸ್‌ಫರ್ ಪೆಟ್ಟಿಗೆಯ ಭಾರವೇ ಬೇಕಿಲ್ಲ. ನಡುವಿನ ಡಿಫರೆನ್ಷಿಯಲ್ ಇರಲೇಬೇಕು, ಏಕೆಂದರೆ ತಿರುವಿನಲ್ಲಿ ಮುಂಚಕ್ರಗಳು ಹಿಂಚಕ್ರಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಎರಡನ್ನೂ ಬಿಗಿಯಾಗಿ ಜೋಡಿಸಿಬಿಟ್ಟರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತೆ, ನಡುವಿನ ಶಾಫ್ಟುಗಳು ತಿರುಚಿಕೊಳ್ಳುತ್ತವೆ.

ರ‍್ಯಾಲಿಯ ಗ್ರೂಪ್ ಬಿ ವರ್ಗದಲ್ಲಿ ಶಕ್ತಿ ಹುಚ್ಚೆದ್ದು ಏರಿತು. 200 ಹಾರ್ಸ್‌ಪವರಿನಿಂದ ಹೊರಟ ಕ್ವಾಟ್ರೊ 1985ರ ಹೊತ್ತಿಗೆ 450 ದಾಟಿತ್ತು. ಸಾವುಗಳ ನಂತರ 1986ರ ಕೊನೆಗೆ ಆ ವರ್ಗ ಮುಚ್ಚಿತು. ಮರುವರ್ಷದಿಂದ ಪಟ್ಟ ಗ್ರೂಪ್ ಎ ವರ್ಗಕ್ಕೆ. ಸ್ಪರ್ಧೆಗಿಳಿಸುವ ಮಾದರಿಯ 5000 ಕಾರುಗಳನ್ನು ತಯಾರಿಸಿರಬೇಕು ಎಂಬುದು ನಿಯಮ. ನಮ್ಮ ಕಥೆಯ ಬೇರು ಇರುವುದು ಇಲ್ಲೇ ಎಂದು ನನ್ನ ಎಣಿಕೆ. ರೇಸಿಗೆಂದೇ ಗಟ್ಟಿಯಾಗಿ ಎರಕ ಹೊಯ್ದ ಎಂಜಿನ್ನುಗಳು ಮಾರಾಟದ ಕಾರಿಗೂ ಬಂದವು. ಗೇರ್‌ಬಾಕ್ಸ್ ಮಾತ್ರ ಮಾರಾಟದ ಕಾರಿನ ಲೆಕ್ಕಾಚಾರಕ್ಕೆ ತಕ್ಕದ್ದಾಗಿಯೇ ಉಳಿಯಿತು. ರ‍್ಯಾಲಿ ತಂಡವಾದರೆ ಸರ್ವೀಸ್ ನಿಲ್ದಾಣದಲ್ಲಿ ಅದನ್ನು ಕಳಚಿ ಬೇರೆಯದನ್ನು ಕೂರಿಸಿ ಕಳಿಸುತ್ತದೆ. ಕಾರು ಕೊಂಡವನಿಗೆ ಆ ಭಾಗ್ಯವಿಲ್ಲ.

1989ರ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಇದಕ್ಕೆ ಒಳ್ಳೆಯ ಉದಾಹರಣೆ. ಜಪಾನಿನ ಕಂಪನಿಗಳ ಪರಸ್ಪರ ಒಪ್ಪಂದದಂತೆ ಕಾಗದದ ಮೇಲೆ 280 ಹಾರ್ಸ್‌ಪವರ್. ಅದರ 2.6 ಲೀಟರಿನ ಎಂಜಿನ್ ರೇಸಿನಲ್ಲಿ ಸಲೀಸಾಗಿ 500 ಮೀರುತ್ತಿತ್ತು. ಇದನ್ನು ಬೀದಿಯಲ್ಲಿ ಕಂಡುಕೊಳ್ಳಲು ಜನರಿಗೆ ಎಷ್ಟು ಹೊತ್ತು ಬೇಕು? ಕಂಪನಿಯೇ ಆರು ಗೇರಿನ ಗಟ್ಟಿಮುಟ್ಟಾದ ಗೆಟ್ರಾಗ್ ಪೆಟ್ಟಿಗೆ ಕೊಟ್ಟದ್ದು 1999ರಲ್ಲಿ, ಆರ್34 ಮಾದರಿಯಲ್ಲಿ. ಸುಬಾರು ಇಂಪ್ರೆಜಾದ ಐದು ಗೇರಿನ ಪೆಟ್ಟಿಗೆಯಂತೂ ಗಾಜಿನದು ಎಂದೇ ಹಾಸ್ಯಕ್ಕೆ ಗುರಿಯಾಯಿತು. 2000ದಲ್ಲಿ ಅದರ ಎಸ್‌ಟಿಐ ಮಾದರಿಗೆ ಆರು ಗೇರಿನ ಭಾರವಾದ ಪೆಟ್ಟಿಗೆ ಬಂದಾಗ, ಅದನ್ನು ತಂದು ಹಳೆಯ ಕಾರಿಗೆ ಕೂರಿಸುವುದೇ ಅನೇಕರ ಪಾಲಿಗೆ ಪರಿಹಾರವಾಯಿತು.

ಎಲ್ಲರೂ ಬಯ್ಯುವುದು ಹಲ್ಲನ್ನು. ಎಷ್ಟೋ ಸಲ ತಪ್ಪು ಪೆಟ್ಟಿಗೆಯ ಕವಚದ್ದು. ಸದ್ದು ಕಡಿಮೆಯಾಗಲೆಂದು ರಸ್ತೆ ಕಾರಿನ ಗೇರುಗಳಿಗೆ ಓರೆ ಹಲ್ಲು ಕೊರೆದಿರುತ್ತಾರೆ. ಭಾರ ಬಿದ್ದಾಗ ಓರೆ ಹಲ್ಲುಗಳು ಒಂದನ್ನೊಂದು ಪಕ್ಕಕ್ಕೂ ತಳ್ಳುತ್ತವೆ. ತೆಳ್ಳಗಿನ ಅಲ್ಯೂಮಿನಿಯಂ ಕವಚ ಕೂದಲೆಳೆಯಷ್ಟು ಬಾಗಿದರೂ ಸಾಕು, ಎರಡು ಶಾಫ್ಟುಗಳ ಅಂತರ ಹೆಚ್ಚುತ್ತದೆ. ಹಲ್ಲಿನ ಮೈಮೇಲೆಲ್ಲ ಹರಡಬೇಕಿದ್ದ ಹೊರೆ ತುದಿಗೆ ಬೀಳುತ್ತದೆ. ರೇಸಿಂಗ್ ಪೆಟ್ಟಿಗೆಗಳ ನೇರ ಹಲ್ಲಿಗೆ ಈ ಪಕ್ಕದ ನೂಕಾಟವಿಲ್ಲ. ಬದಲಿಗೆ ಕಿವಿ ಕೊರೆಯುವ ಕೂಗು ಇದೆ. ದಿನವೂ ಓಡಿಸುವ ಕಾರಿಗೆ ಅದನ್ನು ಹಾಕಿಸಿದವರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ.

ಗೇರ್‌ಬಾಕ್ಸ್ ಗಟ್ಟಿಯಾಯಿತು ಎನ್ನಿ. ಈಗ ಸರದಿ ಚಕ್ರಕ್ಕೆ ಹೋಗುವ ಶಾಫ್ಟಿನದು. ಉಕ್ಕಿನ ಸರಳು ತಿರುಚುವಿಕೆಯನ್ನು ತಡೆಯುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ: ಶೇ 10ರಷ್ಟು ದಪ್ಪ ಮಾಡಿದರೆ ಶೇ 33ರಷ್ಟು ಬಲ. ಆದರೂ ಬುದ್ಧಿವಂತರು ಬರೀ ದಪ್ಪ ಮಾಡುವುದಿಲ್ಲ. ಮೇಲ್ಮೈಗೆ ಸಣ್ಣ ಗುಂಡುಗಳನ್ನು ರಭಸದಿಂದ ಎರಚಿ ಬಿರುಕು ಹುಟ್ಟದಂತೆ ಮಾಡುತ್ತಾರೆ. ಒಳ್ಳೆಯ ಮಿಶ್ರಲೋಹ ಆರಿಸಿ ತುಸು ತಿರುಚಿ ಮರಳುವ ಗುಣ ಉಳಿಸುತ್ತಾರೆ. ಹೊಸ ಶಾಫ್ಟಿನ ಉದ್ದಕ್ಕೂ ಬಣ್ಣದ ನೇರ ಗೆರೆಯೊಂದನ್ನು ಎಳೆದಿಡುವ ರೂಢಿಯೂ ಇದೆ. ಹತ್ತಾರು ಸಲ ರಭಸದಿಂದ ಹೊರಟ ಮೇಲೆ ಬಗ್ಗಿ ನೋಡಿದಾಗ ಗೆರೆ ಬಳ್ಳಿಯಂತೆ ಸುತ್ತಿಕೊಂಡಿದ್ದರೆ ಉಕ್ಕು ಮೊದಲಿನ ಸ್ಥಿತಿಗೆ ಮರಳಿಲ್ಲ ಎಂದರ್ಥ. ಆ ಶಾಫ್ಟಿನ ಕಾಲ ಮುಗಿಯಿತು.

ಅಲ್ಲಿಗೂ ಮುಗಿಯದು. ಮುಂದೆ ಡಿಫರೆನ್ಷಿಯಲ್ಲಿನ ಪುಟ್ಟ ಗೇರುಗಳು, ಆಮೇಲೆ ಅದನ್ನು ಹಿಡಿದಿರುವ ರಬ್ಬರ್ ಮೌಂಟುಗಳು. ಸಡಿಲ ಮೌಂಟನ್ನು ಕಡೆಗಣಿಸಬಾರದು: ಚಕ್ರ ಹಿಡಿದು, ಜಾರಿ, ಮತ್ತೆ ಹಿಡಿದು ಕುಪ್ಪಳಿಸತೊಡಗಿದರೆ ಪ್ರತಿ ಹಿಡಿತವೂ ಒಂದು ಸುತ್ತಿಗೆ ಏಟು. ಎಷ್ಟೋ ಶಾಫ್ಟುಗಳನ್ನು ಮುರಿದದ್ದು ಎಂಜಿನ್ನಿನ ಬಲವಲ್ಲ, ಈ ಕುಪ್ಪಳಿಕೆ.

ಹೀಗೆ ಒಂದೊಂದನ್ನೇ ಗಟ್ಟಿ ಮಾಡುತ್ತ ಹೋದರೆ ಮುರಿತ ಮುಂದಿನ ಭಾಗಕ್ಕೆ ದಾಟುತ್ತದೆ, ಅಷ್ಟೆ. ಆದ್ದರಿಂದ ಅನುಭವಸ್ಥರು ದುರ್ಬಲ ಕೊಂಡಿಯನ್ನು ತಾವೇ ಆರಿಸಿ ಇಡುತ್ತಾರೆ, ಮತ್ತು ಅದು ಬಹುಪಾಲು ಕ್ಲಚ್. ಕ್ಲಚ್ಚನ್ನು ಥಟ್ಟನೆ ಬಿಟ್ಟಾಗ ಬೀಳುವ ಹೊಡೆತದಲ್ಲಿ ಎಂಜಿನ್ನಿನ ಟಾರ್ಕ್‌ಗಿಂತ ಫ್ಲೈವೀಲಿನಲ್ಲಿ (ಎಂಜಿನ್ನಿನೊಂದಿಗೆ ತಿರುಗುವ ಭಾರದ ಚಕ್ರ) ಕೂಡಿಟ್ಟ ಶಕ್ತಿಯ ಪಾಲೇ ದೊಡ್ಡದು. ಆ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ನಿಮಿಷಕ್ಕೆ 4000 ಸುತ್ತಿನ ಬದಲು 6000ದಲ್ಲಿ ಬಿಟ್ಟರೆ ಎರಡೂಕಾಲು ಪಟ್ಟು. ಕ್ಷಣಕಾಲ ಜಾರಿ ಆಮೇಲೆ ಹಿಡಿಯುವ ಕ್ಲಚ್ ಆ ಏಟನ್ನು ಶಾಖವಾಗಿ ಕರಗಿಸುತ್ತದೆ. ಕೆಳಗಿನ ಗೇರುಗಳಲ್ಲಿ ಟರ್ಬೊ ಒತ್ತಡವನ್ನು ತಗ್ಗಿಸುವ ಎಲೆಕ್ಟ್ರಾನಿಕ್ ಹೊಂದಾಣಿಕೆಯೂ ಅದೇ ಕೆಲಸ ಮಾಡುತ್ತದೆ. ಒಂದು ಬೋಲ್ಟನ್ನೂ ಬಿಚ್ಚಬೇಕಿಲ್ಲ.

ಕಾರ್ಖಾನೆಗಳೂ ಈ ಪಾಠ ಕಲಿತದ್ದು ಪೆಟ್ಟು ತಿಂದೇ. 2007ರ ಕೊನೆಯಲ್ಲಿ ಬಂದ ನಿಸ್ಸಾನ್ ಜಿಟಿ-ಆರ್ ಕಾರಿನ ಗೇರ್‌ಬಾಕ್ಸ್ ಹಿಂಬದಿಯಲ್ಲಿತ್ತು. ಎಂಜಿನ್ನಿನಿಂದ ಅಲ್ಲಿಗೊಂದು ಶಾಫ್ಟು, ಅಲ್ಲಿಂದ ಮುಂಚಕ್ರಗಳಿಗೆ ಇನ್ನೊಂದು. ನಿಂತಲ್ಲಿಂದ ಬಾಣದಂತೆ ಹೊರಡಿಸುವ ಅದರ ವ್ಯವಸ್ಥೆಯನ್ನು ಮತ್ತೆ ಮತ್ತೆ ಬಳಸಿದ ಕೆಲವರ ಗೇರ್‌ಬಾಕ್ಸ್ ಕೆಟ್ಟು ವಾರಂಟಿ ಜಗಳವಾಯಿತು. ನಂತರ ಬಂದ ಸಾಫ್ಟ್‌ವೇರಿನಲ್ಲಿ ಹೊರಡುವ ಹೊತ್ತಿನ ಎಂಜಿನ್ ಸುತ್ತುಗಳನ್ನೇ ಕಡಿಮೆ ಮಾಡಲಾಗಿತ್ತು.

ಮುಂದೊಂದು, ಹಿಂದೊಂದು ಮೋಟಾರಿರುವ ವಿದ್ಯುತ್ ಕಾರಿನಲ್ಲಿ ಉದ್ದನೆಯ ಶಾಫ್ಟೂ ಇಲ್ಲ, ನಡುವಿನ ಡಿಫರೆನ್ಷಿಯಲ್ಲೂ ಇಲ್ಲ. ಜಾರಿ ಕಾಪಾಡುವ ಕ್ಲಚ್ಚೂ ಇಲ್ಲ. ಚಕ್ರಕ್ಕೆ ಹೋಗುವ ಶಾಫ್ಟು ಮಾತ್ರ ಹಾಗೇ ಉಳಿದುಕೊಂಡಿದೆ, ಮತ್ತು ಮೋಟಾರು ತನ್ನ ಪೂರ್ತಿ ಟಾರ್ಕನ್ನು ಮೊದಲ ಸುತ್ತಿನಿಂದಲೇ ಅದರ ಮೇಲೆ ಹೇರಬಲ್ಲದು.